ಎಪ್ಪತ್ತೊಂದು ಎಪ್ಪತ್ತೊಂದ್ಲ

ಮಾದೇವಿ ಹಿತ್ತಿಲ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡ ಬೆಳಿಗ್ಗೆ, ಅವಳ ಬೆನ್ನು ಸವರುತ್ತಲೇ ನಾನು ನಮ್ಮ ಒಲೆಯ ಜನರನ್ನು ಮನಸ್ಸಿನಲ್ಲೇ ಎಣಿಸಿದೆ. ಎಣಿಸುವ ಅಗತ್ಯವೇನೂ ಇರಲಿಲ್ಲ. ಅವ್ವ, ನನ್ನ ತಮ್ಮ ಪಾಲಾಕ್ಷ, ಅವನ ಹೆಂಡತಿ ಮಾದೇವಿ, ಅವರ ಇಬ್ಬರು ಮಕ್ಕಳು, ನಾನು, ಮತ್ತೆ ಬೋರಣ್ಣ. ಒಟ್ಟು ಏಳು. ಊರಿನ ಎಲ್ಲ ಒಲೆಗಳ ಮುಂದೆಯೂ ಆಗ ಏಳೇ ಜನ ಕೂತು ಉಣ್ಣುತ್ತಿದ್ದರು.

ಬೋರಣ್ಣ ನಮಗೆ ಬಂಧುವಲ್ಲ. ಹಾಸಿಗೆ ದಿಂಬು ಹೊಲಿಯುವ, ಹೆಂಡತಿ ಮಕ್ಕಳಿಲ್ಲದ ಮನುಷ್ಯ. ನಮ್ಮ ಮನೆಯಲ್ಲಿ ಒಬ್ಬರು ಕಡಿಮೆ ಬಿದ್ದರೆಂದು ಊರಿನ ತಲೆಯೆಣಿಕೆ ನೋಡಿಕೊಳ್ಳುವ ಪಾಲಿನ ಮನೆಯವರು ಅವನನ್ನು ನಮ್ಮ ಒಲೆಗೆ ಹಾಕಿಕೊಟ್ಟಿದ್ದರು. ಊಟದ ಹೊತ್ತಿಗೆ ತಲೆಗೂದಲಲ್ಲಿ ಹತ್ತಿಯ ನೂಲು ಸಿಕ್ಕಿಸಿಕೊಂಡು ಬರುತ್ತಿದ್ದ, ಉಂಡು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಒಬ್ಬ ಬೋರಣ್ಣ ಇದ್ದ. ಎಂಟು ಮಕ್ಕಳನ್ನು ಹೆತ್ತ ಮನೆಯವರು ಮೂವರನ್ನು ಪಕ್ಕದ ಒಲೆಗೆ ಕಳಿಸಿ, ಊಟದ ಹೊತ್ತಿಗೆ ಗೋಡೆಯ ಈಚೆಯಿಂದಲೇ 'ಉಂಡ್ಯೇನೋ' ಎಂದು ಕೂಗಿ ಕೇಳುವುದೂ ಇತ್ತು. ಒಂದು ಒಲೆಗೆ ಒಬ್ಬರು ಹೆಚ್ಚಾದರೆ, ಒಂದು ಒಲೆಗೆ ಒಬ್ಬರು ಕಡಿಮೆಯಾದರೆ ಊರಲ್ಲಿ ಯಾರ ಒಲೆಯೂ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿ ಉರಿಯುತ್ತದೆ, ದೀಪ ಉರಿಯುತ್ತದೆ, ಬೀಡಿ ಉರಿಯುತ್ತದೆ. ಒಲೆಗೆ ಮಾತ್ರ ಬೆಂಕಿ ಕಚ್ಚುವುದಿಲ್ಲ. ದೀಪದ ಮೇಲೆ ನೀರಿನ ಲೋಟ ಹಿಡಿದು ನೋಡಿದವರೂ ಇದ್ದಾರೆ. ನೀರು ತಣ್ಣಗೇ ಇರುತ್ತದೆ.

ಆಗ ನಾವಿದ್ದದ್ದು ಐದು ಸಾವಿರದ ನಲವತ್ತು ಜನ. ಅಂಥ ಸಂಖ್ಯೆ ಇನ್ನೊಂದು ಸಿಗುವುದಿಲ್ಲವೆಂದು ಊರಿನವರೆಲ್ಲ ಹೆಮ್ಮೆಪಡುತ್ತಿದ್ದರು. ಎರಡರಿಂದ ಭಾಗಿಸಿ, ಮೂರರಿಂದ, ನಾಲ್ಕರಿಂದ, ಹತ್ತರವರೆಗೆ ಯಾವುದರಿಂದ ಬೇಕಾದರೂ ಭಾಗಿಸಿ, ಒಂದೂ ಉಳಿಯುವುದಿಲ್ಲ. ಹನ್ನೊಂದು ಮಾತ್ರ ಹಠ ಮಾಡುತ್ತದೆ, ಹನ್ನೆರಡಕ್ಕೆ ಮತ್ತೆ ಸಲೀಸು. ಅರವತ್ತು ಬಗೆಯಲ್ಲಿ ಪಾಲಾಗುವ ಸಂಖ್ಯೆ ಅದು. ಶಾಲೆಯಲ್ಲಿ ಮಕ್ಕಳು ಅದನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳುತ್ತಿದ್ದವು. ಮೊದಲು ಆರಾರು ಜನ ಕೂರುತ್ತಿದ್ದೆವು, ಆಮೇಲೆ ಏಳಕ್ಕೆ ಬಂದೆವು. ಏಳೆಂದರೆ ಒಂದು ಮನೆ, ಹೆಚ್ಚೆಂದರೆ ಮನೆಗೊಬ್ಬ ಹೊರಗಿನವನು. ಅವರವರ ಬೀದಿಯವರು ಅವರವರ ಬೀದಿಯಲ್ಲೇ ಉಣ್ಣಬಹುದು. ಊರಿಗೆ ಅದು ಹಿತವಾಗಿತ್ತು.

ಅದಕ್ಕೆ ಹಿಂದೆ ಐದು ಸಾವಿರದ ಮೂವತ್ತೊಂಬತ್ತು ಇದ್ದಾಗಿನ ಕಾಲವನ್ನು ನಾನು ಕಂಡಿದ್ದೇನೆ. ಐದು ಸಾವಿರ ಬಿಟ್ಟು ನಾವು ಬರೀ ಮೂವತ್ತೊಂಬತ್ತು ಎನ್ನುವ ಆ ಸಂಖ್ಯೆ ಯಾವುದರಿಂದಲೂ ಒಡೆಯುವುದಿಲ್ಲ. ಮಾಸ್ತರರು ಅವಿಭಾಜ್ಯ ಎನ್ನುತ್ತಾರೆ, ನಾವು ಒಂಟಿ ಎನ್ನುತ್ತೇವೆ. ಇಡೀ ಊರಿಗೆ ಒಂದೇ ಒಲೆ ಹೂಡಬೇಕು, ಇಲ್ಲದಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಒಲೆ. ಐದು ಸಾವಿರ ಜನಕ್ಕೆ ಬೇಯಿಸುವ ಪಾತ್ರೆ ಎಲ್ಲಿದೆ? ಒಬ್ಬೊಬ್ಬರೇ ಹೂಡಿಕೊಂಡರು. ಮೊಲೆ ಕುಡಿಯುವ ಕೂಸಿಗೂ ಮೂರು ಕಲ್ಲು. ಹಾಸಿಗೆ ಹಿಡಿದ ಮುದುಕನ ತಲೆದೆಸೆಯಲ್ಲೂ ಮೂರು ಕಲ್ಲು. ನಾಲ್ಕು ದಿನಕ್ಕೇ ಸೌದೆ ಮುಗಿಯಿತು. ಬಾಗಿಲು ಕಿಟಕಿ ಒಡೆದು ಉರಿಸಿದರು. ಕುಂಬಾರರ ಬೀದಿಯಲ್ಲಿ ಪುಟ್ಟ ಹುಡುಗಿಯ ಒಲೆಯಿಂದ ಗರಿಯ ಸೂರಿಗೆ ಕಿಡಿ ಹಾರಿ ಸಾಲುಮನೆಗಳು ಸುಟ್ಟವು. ಒಂದು ಮಗು ಹುಟ್ಟಿ ನಲವತ್ತಾದಾಗ ಜನ ಬೀದಿಯಲ್ಲಿ ಕೂತು ಅತ್ತರು. ಇನ್ನು ಈ ಸಂಖ್ಯೆಯನ್ನು ಬಿಡಬಾರದೆಂದು ಪಾಲಿನ ಮನೆಯವರು ನಿಶ್ಚಯಿಸಿದ್ದು ಆಗ.

ಹೊಳೆಯ ಈಚೆಗೆ ಉಸಿರಾಡುವವರೆಲ್ಲ ಲೆಕ್ಕಕ್ಕೆ ಬರುತ್ತಾರೆ, ಆಚೆಗೆ ದಾಟಿದವರು ಬರುವುದಿಲ್ಲ. ಅದಕ್ಕೇ ವ್ಯಾಪಾರಿಗಳು ಆಚೆ ದಡದಲ್ಲೇ ವ್ಯಾಪಾರ ಮುಗಿಸಿ ಹೋಗುತ್ತಾರೆ. ಒಂದು ಮನೆಯಲ್ಲಿ ಮಗು ಹುಟ್ಟಿದರೆ ಆ ಮನೆಯಿಂದ ಒಬ್ಬರು ದೋಣಿ ಹತ್ತಬೇಕು. ಊರಲ್ಲಿ ಯಾರಾದರೂ ಸತ್ತರೆ ಆಚೆ ದಡದಿಂದ ಒಬ್ಬರನ್ನು ಕರೆಸಬೇಕು. ಯಾರನ್ನು ಕರೆಸುವುದು ಎಂಬುದು ಪಾಲಿನ ಮನೆಯವರ ಮರ್ಜಿ.

ನನ್ನ ಗಂಡ ನಿಂಗರಾಜ ಹಾಗೆ ಹೋದವನು. ಅವನ ಅಣ್ಣನಿಗೆ ಮಗ ಹುಟ್ಟಿದಾಗ, ನಾನು ಗಟ್ಟಿಯಾಗಿದ್ದೀನಿ, ಆರು ತಿಂಗಳು ತಾನೇ ಎಂದು ಹೋದ. ಬೆಳಿಗ್ಗೆ ನಾನು ಬಟ್ಟೆ ಒಗೆಯಲು ಹೋದಾಗ ಆಚೆಯಿಂದ ಟವೆಲು ಬೀಸುತ್ತಿದ್ದ. ಸಾವುಗಳಾದವು, ಕರೆಗಳೂ ಹೋದವು. ಹೆಸರಿದ್ದ ಮನೆಯವರ ಮಕ್ಕಳು ಮೊದಲು ಬಂದರು. ಕಾದು ಕಾದು ಅವನು ದೂರದ ಊರಿನ ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೋದನಂತೆ, ಅಲ್ಲೇ ಜ್ವರ ಬಂದು ಸತ್ತನಂತೆ. ದೋಣಿಯ ದ್ಯಾಮಣ್ಣ ಹೇಳಿದ್ದರಿಂದ ಗೊತ್ತಾಯಿತು. ಲೆಕ್ಕದ ಆಚೆಗೆ ಸತ್ತವನಾದ್ದರಿಂದ ಊರಲ್ಲಿ ಯಾರ ಒಲೆಯೂ ಆರಲಿಲ್ಲ. ಆಮೇಲೆ ನಾನು ತಮ್ಮನ ಮನೆಗೆ ಬಂದೆ. ಈಗ ಹೇಳಿ, ಮಾದೇವಿಯ ಬೆನ್ನು ಸವರುತ್ತ ನಾನು ಎಣಿಸದೆ ಏನು ಮಾಡಲಿ?

ಅವಳಿಗೆ ಏಳು ತಿಂಗಳು ತುಂಬಿದ ಮೇಲೆ ಪಾಲಿನ ಮನೆಯ ಗುರುಸಿದ್ದಪ್ಪನವರು ಬಂದರು. ಜೊತೆಗೆ ಕನ್ನಡಕದ ಒಬ್ಬ ಲೆಕ್ಕಿಗ. ಮಡಿಲಕ್ಕಿ, ಕುಪ್ಪಸದ ಬಟ್ಟೆ, ಬಾಳೆಹಣ್ಣು ತಂದಿದ್ದರು. ಗುರುಸಿದ್ದಪ್ಪನವರು ಕೆಟ್ಟ ಮನುಷ್ಯರಲ್ಲ. ಸುಟ್ಟ ಮನೆಗಳನ್ನು ಮುಂದೆ ನಿಂತು ಕಟ್ಟಿಸಿಕೊಟ್ಟವರು ಅವರೇ. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು, ಮಾದೇವಿಯ ಆರೋಗ್ಯ ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಯಾರು ಹೋಗೋದು ಅಂತ ಮಾತಾಡಿಕೊಂಡಿದ್ದೀರಾ?" ಎಂದರು.

ಪಾಲಾಕ್ಷ ನೆಲ ನೋಡಿದ. ಅವನು ಹೋದರೆ ಮನೆ ನಡೆಯುವುದಿಲ್ಲ. ಬೋರಣ್ಣ ಕೈಯಲ್ಲಿದ್ದ ಹತ್ತಿಯನ್ನು ಹಿಂಜುತ್ತ ಕೂತ. ಅವನು ಈ ಮನೆಯವನಲ್ಲ, ಅವನನ್ನು ಕಳಿಸುವಂತಿಲ್ಲ. ಮಕ್ಕಳ ಮಾತೇ ಇಲ್ಲ. ನಾನು ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದೆ. ಯಾರಾದರೂ ನನ್ನನ್ನು ಕೇಳಲಿ ಎಂದು ಕಾಯುತ್ತಿದ್ದೆ. ಕೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ.

ಅವ್ವ ಬಾಗಿಲ ಪಕ್ಕ ಕೂತಿದ್ದಳು. ಅವಳಿಗೆ ಕಣ್ಣು ಮಂಜು. ನಾನು ಅಲ್ಲೇ ನಿಂತಿರುವುದು ಅವಳಿಗೆ ಕಾಣಿಸಲಿಲ್ಲವೋ, ಕಂಡೂ ಹೇಳಿದಳೋ. "ಅದಕ್ಕೇನಂತೆ ಸ್ವಾಮಿ, ನಮ್ಮ ಸಾವಂತ್ರಿ ಅವ್ಳೆ ಅಲ್ವಾ. ಅವಳಿಗೇನು ಹಿಂದೆ ಮುಂದೆ ಯಾರವ್ರೆ?" ಎಂದಳು.

ಲೆಕ್ಕಿಗ ತಲೆಯಾಡಿಸಿದ. ಗುರುಸಿದ್ದಪ್ಪನವರು ನನ್ನ ಕಡೆ ತಿರುಗಿ, "ನಿಂಗೆ ಒಪ್ಪಿಗೇನಾ ತಾಯಿ?" ಎಂದರು. ಚೊಂಬಿನಲ್ಲಿದ್ದ ಮಜ್ಜಿಗೆಯನ್ನು ಅವರ ಲೋಟಕ್ಕೆ ಬಗ್ಗಿಸಿದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ಆ ಮೇಲಿನ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡತೊಡಗಿದರು. ಅವ್ವ ನನ್ನ ತಟ್ಟೆಗೆ ತುಪ್ಪ ಹಾಕಿಸುತ್ತಿದ್ದಳು. ಆ ತುಪ್ಪವನ್ನು ನಾನು ಮಕ್ಕಳ ತಟ್ಟೆಗೆ ಬಗ್ಗಿಸುತ್ತಿದ್ದೆ. ಬೀದಿಯಲ್ಲಿ ಹೋದರೆ ಜನ ನನ್ನನ್ನು ಆಗಲೇ ಹೋದವಳ ಹಾಗೆ ನೋಡುತ್ತಿದ್ದರು. ಆಚೆ ದಡದ ಗುಡಿಸಲುಗಳನ್ನು ದಿನಾ ನೋಡುತ್ತಿದ್ದೆ. ಮಳೆ ಬಂದರೆ ಅವು ಸೋರುವುದು ಈಚೆಯಿಂದಲೇ ಕಾಣುತ್ತಿತ್ತು. ಬದುಕು ಹೋಗುತ್ತದೆಂಬ ಭಯ ನನಗಿರಲಿಲ್ಲ. ದಡದಲ್ಲಿ ನಿಂತು ಬೀಸಿದ ಟವೆಲಿಗೆ ಇತ್ತ ಕಡೆಯಿಂದ ಯಾರೂ ಕೈಯೆತ್ತದ ದಿನ ಬರುತ್ತದಲ್ಲ, ಆ ದಿನದ ಭಯ.

ಮಾದೇವಿ ಮಾತ್ರ ನನ್ನ ಮೇಲೆ ಸಿಡುಕುತ್ತಿದ್ದಳು. ಒಂದು ಮಧ್ಯಾಹ್ನ ಅವಳಿಗೆ ಬಾಣಂತಿ ಖಾರ ಕುಟ್ಟುವುದನ್ನು ಹೇಳಿಕೊಡಲು ಹೋದೆ. ನಾನಿಲ್ಲದಾಗ ಬೇಕಾಗುತ್ತದಲ್ಲ ಎಂದು. ಅವಳು ಒನಕೆಯನ್ನು ಕಿತ್ತು ಮೂಲೆಗೆ ಎಸೆದಳು.

"ನಾ ಕಲಿಯಕ್ಕಿಲ್ಲ ಅಕ್ಕ. ನೀ ಮಾಡಿದ್ರೆ ತಿಂತೀನಿ, ಇಲ್ದಿದ್ರೆ ಇಲ್ಲ."

"ಹಂಗಂದ್ರೆ ಹೆಂಗೆ ಮಾದೇವಿ? ಮಗು ಬರೋದನ್ನ ನಿಲ್ಸಕ್ಕಾಗುತ್ತಾ?"

"ನನ್ನ ಕೂಸು ಬಂದು ನಿನ್ನ ಆಚೆಗೆ ದೂಕೋದಾದ್ರೆ ಆ ಕೂಸಿನ ಮಕ ನಾ ಹೆಂಗೆ ನೋಡ್ಲಿ? ಅದು ದೊಡ್ಡದಾದ ಮೇಲೆ ಅದಕ್ಕೆ ಏನು ಹೇಳ್ಲಿ?" ಎಂದು ಅತ್ತಳು. ನಾನೂ ಅತ್ತೆ. ಇಬ್ಬರೂ ಸೇರಿ ಚೆಲ್ಲಿದ ಮೆಣಸನ್ನು ಆರಿಸಿದೆವು.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ರೊಟ್ಟಿ ತಟ್ಟುವ ಹೊತ್ತಿಗೆ. ಪಾಲಾಕ್ಷ ಸೂಲಗಿತ್ತಿ ಸಂಕವ್ವನನ್ನು ಕರೆತಂದ. ಅವಳ ಹಿಂದೆಯೇ ಪಾಲಿನ ಮನೆಯವರೂ ಬಂದರು. ಹೋಗುವವರು ಮೊದಲೇ ದಾಟಿಬಿಟ್ಟರೆ ಊರು ಮೂವತ್ತೊಂಬತ್ತಾಗುತ್ತದೆ, ತಡವಾಗಿ ದಾಟಿದರೆ ನಲವತ್ತೊಂದಾಗುತ್ತದೆ. ಅದಕ್ಕೇ ಹೋಗುವವರು ದೋಣಿಯಲ್ಲಿ ಸಿದ್ಧವಾಗಿ ಕೂತಿರಬೇಕು. ಮಗು ಅತ್ತ ಕೂಡಲೇ ಮನೆಯ ಮೇಲೆ ಬಿಳಿ ಬಟ್ಟೆ ಎತ್ತುತ್ತಾರೆ, ಅದನ್ನು ನೋಡಿ ದೋಣಿ ಬಿಡುತ್ತಾರೆ. ನಾನು ಬಟ್ಟೆಯ ಗಂಟು ತೆಗೆದುಕೊಂಡೆ. ಒಳಗಿನಿಂದ ಮಾದೇವಿ "ಅಕ್ಕಾ" ಎಂದು ಕೂಗಿದಳು. ಲೆಕ್ಕಿಗ ನನ್ನ ಮೊಣಕೈ ಹಿಡಿದು, "ಒಳಗೆ ಹೋದ್ರೆ ಬಿಡಿಸಿಕೊಂಡು ಬರೋದು ಕಷ್ಟ, ನಡೀರಿ" ಎಂದ.

ದ್ಯಾಮಣ್ಣನ ದೋಣಿಯನ್ನು ಹೊಳೆಯ ಮೆಟ್ಟಿಲಿಗೆ ಕಟ್ಟಿತ್ತು. ಅದರಲ್ಲಿ ಕೂತೆ. ಗುರುಸಿದ್ದಪ್ಪನವರೂ ಲೆಕ್ಕಿಗನೂ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿ ಕೂತರು. ಬಿಸಿಲು ಏರಿತು. ನಮ್ಮ ಮನೆಯ ಹೆಂಚು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಬಿಳಿ ಬಟ್ಟೆ ಏಳಲಿಲ್ಲ. ಮಾದೇವಿಯ ಹಿಂದಿನ ಎರಡು ಹೆರಿಗೆಗಳು ಇಷ್ಟು ಹೊತ್ತು ಹಿಡಿದಿರಲಿಲ್ಲ. ನಾನು ಗಂಟನ್ನು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದೆ. ದ್ಯಾಮಣ್ಣ ನನಗೆ ನೀರು ಕೊಟ್ಟ. "ನಿನ್ನ ಗಂಡನೂ ಇದೇ ಹಲಗೆ ಮ್ಯಾಲೆ ಕೂತಿದ್ದ" ಎಂದು ಹೇಳಿ, ಹೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡ.

ಹೊತ್ತು ತಿರುಗಿದ ಮೇಲೆ ಬೋರಣ್ಣ ಓಡುತ್ತ ಬಂದ. ಅವನು ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಕೂಸು ಅಡ್ಡ ನಿಂತೈತಂತೆ. ಆ ಹುಡುಗಿ ತಿಣುಕೋದೇ ಬಿಟ್ಟವ್ಳೆ. ಬಾಗಿಲ ಚೌಕಟ್ಟು ಹಿಡ್ಕೊಂಡು ಅಕ್ಕ ಬರೋಗಂಟ ಹೆರಕ್ಕಿಲ್ಲ ಅಂತವ್ಳೆ. ಸಂಕವ್ವ ಕೈ ಚೆಲ್ಲವ್ಳೆ. ಹಿಂಗೇ ಆದ್ರೆ ತಾಯಿ ಉಳಿಯಾಕಿಲ್ಲ ಅಂದ್ಳು."

ಗುರುಸಿದ್ದಪ್ಪನವರು ಎದ್ದು ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು. ಆಗ ಪಕ್ಕದಲ್ಲಿದ್ದ ಲೆಕ್ಕಿಗ, ಕೊಡೆಯನ್ನು ಮಡಿಸುತ್ತ, ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಹಜವಾಗಿ ಹೇಳಿದ: "ತಾಯಿ ಹೋಗಿ ಮಗು ಉಳಿದ್ರೆ ನಲವತ್ತು ನಲವತ್ತಾಗೇ ಇರುತ್ತೆ. ಆಗ ಈ ದೋಣಿ ಬಿಡೋ ಹಾಗೂ ಇಲ್ಲ. ಸ್ವಲ್ಪ ಕಾಯೋಣ."

ಅವನು ಕ್ರೂರಿಯಾಗಿದ್ದರೆ ನಾನು ಅವನ ಮುಖಕ್ಕೆ ಉಗಿದು ಸುಮ್ಮನಾಗುತ್ತಿದ್ದೆ. ಅವನಿಗೆ ತಾನು ಏನು ಹೇಳಿದನೆಂಬ ಪರಿವೆಯೇ ಇರಲಿಲ್ಲ. ಹೇಳಿದ್ದರಲ್ಲಿ ಲೆಕ್ಕದ ತಪ್ಪೂ ಇರಲಿಲ್ಲ. ನಾವೆಲ್ಲ ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೇ ಅನ್ನಿಸಿತು. ದೋಣಿಯಿಂದ ನೀರಿಗೇ ಇಳಿದೆ. ಸೀರೆ ಮೊಣಕಾಲಿನವರೆಗೆ ಒದ್ದೆಯಾಯಿತು. ಲೆಕ್ಕಿಗ ಅಡ್ಡ ಬಂದ. ದ್ಯಾಮಣ್ಣ ಹುಟ್ಟನ್ನು ಅವನ ಎದೆಗೆ ಅಡ್ಡ ಹಿಡಿದು, "ಹೋಗವ್ವ ನೀನು" ಎಂದ.

ಮನೆಗೆ ಬಂದಾಗ ಮಾದೇವಿಯ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಹಿಂದೆ ಕೂತು ಬೆನ್ನಿಗೆ ಎದೆ ಕೊಟ್ಟೆ. "ಬಂದಿದೀನಿ ಕಣೆ. ಎಲ್ಲೂ ಹೋಗಲ್ಲ" ಎಂದೆ. ಹೇಳಿದ್ದು ಅವಳ ಧೈರ್ಯಕ್ಕೆ, ಆದರೆ ಹೇಳಿಯಾದ ಮೇಲೆ ಅದು ನನಗೂ ನಿಜವೆನ್ನಿಸಿತು. ಸಂಕವ್ವ ಎಣ್ಣೆ ಹಚ್ಚಿದ ಕೈಯಿಂದ ಹೊಟ್ಟೆಯನ್ನು ತಿರುವಿ ತಿರುವಿ ಮಗುವನ್ನು ದಾರಿಗೆ ತಂದಳು. ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿರುವಾಗ ಹೆಣ್ಣುಮಗು ಹುಟ್ಟಿತು. ಅದು ಮೊದಲ ಸಲ ಅಳುತ್ತಿದ್ದ ಹಾಗೆಯೇ ಬಚ್ಚಲ ಒಲೆಯಲ್ಲಿ ಭಗಭಗ ಉರಿಯುತ್ತಿದ್ದ ಸೌದೆ ಯಾರೋ ಊದಿದ ಹಾಗೆ ಆರಿತು. ಬೀದಿಯುದ್ದಕ್ಕೂ ಹೆಂಗಸರು ಅಯ್ಯೋ ಎಂದದ್ದು ಕೇಳಿಸಿತು. ಊರ ತುಂಬ ಅರ್ಧ ಬೆಂದ ಮುದ್ದೆ, ಅರ್ಧ ಕುದಿದ ಸಾರು.

ಮಾದೇವಿಗೆ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ, ಜೊತೆಗೆ ಹಲ್ಲು ಕಟಕಟಿಸುವ ಚಳಿ. ಸಂಕವ್ವ ಬಿಸಿನೀರು ಕೇಳಿದಳು, ಶುಂಠಿ ಕಷಾಯ ಕೇಳಿದಳು. ಮಡಕೆಯಲ್ಲಿದ್ದ ನೀರು ಉಗುರುಬೆಚ್ಚಗಾಗಿ ಆರುತ್ತ ಬಂತು. ಬೋರಣ್ಣ ಅಂಗಡಿಯಲ್ಲಿದ್ದ ಹೊಸ ಹತ್ತಿ ಹಾಸಿಗೆಗಳನ್ನೆಲ್ಲ ಹೊತ್ತು ತಂದು ಅವಳ ಮೇಲೆ ಹೊದಿಸಿದ. ಬಾಗಿಲಲ್ಲಿ ಬೀದಿಯವರು ಕೂಡಿದ್ದರು. ನಮ್ಮ ಪಕ್ಕದ ಮನೆಯವಳು ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, "ಸಾವಂತ್ರಿ, ನಮ್ಮ ಹೈಕ್ಳು ಹಸ್ಕೊಂಡವೆ ಕಣವ್ವ. ನೀ ಒಬ್ಬಳು ದಾಟಿದ್ರೆ ಎಲ್ಲರ ಒಲೇನೂ ಹತ್ತುತ್ತೆ. ಮಾದೇವಿಗೂ ಬಿಸಿನೀರು ಸಿಗುತ್ತೆ" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೇಡಿಕೊಳ್ಳುತ್ತಿದ್ದಳು.

ನಾನು ಎದ್ದೆ. ಮಾದೇವಿಯ ತಲೆಯನ್ನು ತೊಡೆಯಿಂದ ಇಳಿಸಿ ದಿಂಬಿಗಿಟ್ಟೆ. ಅವಳ ಜೀವ ಉಳಿಯಬೇಕಾದರೆ ನಾನು ಹೋಗಲೇಬೇಕಿತ್ತು, ಬೇರೆ ದಾರಿ ಕಾಣಲಿಲ್ಲ. ಬೇರೆ ದಾರಿ ಇರಲಿಲ್ಲವೆಂದಲ್ಲ. ನಲವತ್ತೊಂದು ಒಂಟಿಯಲ್ಲ ಎಂದು ಊರಿನ ಪ್ರತಿ ಮಗುವಿಗೂ ಗೊತ್ತಿತ್ತು. ಎಪ್ಪತ್ತೊಂದು ಎಪ್ಪತ್ತೊಂದ್ಲ ಐದು ಸಾವಿರದ ನಲವತ್ತೊಂದು. ಎಪ್ಪತ್ತೊಂದು ಒಲೆ, ಒಂದೊಂದಕ್ಕೂ ಎಪ್ಪತ್ತೊಂದು ಜನ. ಅದನ್ನು ಬಿಟ್ಟರೆ ಇಡೀ ಊರಿಗೊಂದು, ಇಲ್ಲವೇ ತಲೆಗೊಂದು. ಶಾಲೆಯಲ್ಲಿ ಆ ಸಾಲು ಬಂದಾಗ ಮಾಸ್ತರರು ಬೇಗ ಬೇಗ ಓದಿಸಿ ಮುಂದಕ್ಕೆ ಹೋಗುತ್ತಿದ್ದರು. ಯಾವ ಬೀದಿಯಲ್ಲೂ ಎಪ್ಪತ್ತೊಂದು ಜನರಿಲ್ಲ. ನಮ್ಮ ಬೀದಿಯಲ್ಲಿ ಏಳು ಒಲೆ, ನಲವತ್ತೊಂಬತ್ತು ಜನ. ಉಳಿದವರನ್ನು ಇನ್ನೊಂದು ಬೀದಿಯಿಂದ ತರಬೇಕು, ಒಂದೇ ಪಾತ್ರೆಯಲ್ಲಿ ಬೇಯಿಸಬೇಕು, ಎದುರೆದುರು ಕೂತು ಉಣ್ಣಬೇಕು. ನಮ್ಮ ಬೀದಿಗೆ ಹತ್ತಿರವಿದ್ದದ್ದು ಕಾಲುವೆಯಾಚೆಯ ಬೀದಿ. ಅವರ ಕೈಯ ಚಪ್ಪಲಿ ಮೆಟ್ಟುತ್ತಿದ್ದೆವು, ಅವರು ಬೆಳೆದ ಸೊಪ್ಪು ತಿನ್ನುತ್ತಿದ್ದೆವು. ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಏಳರ ಲೆಕ್ಕ ಊರಿಗೆ ಯಾಕೆ ಅಷ್ಟು ಹಿತವಾಗಿತ್ತೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೊಸ್ತಿಲು ದಾಟುವಾಗ ಪಾಲಾಕ್ಷ ನನ್ನ ಕೈಯಿಂದ ಗಂಟನ್ನು ಕಿತ್ತುಕೊಂಡ. ಅಡುಗೆಮನೆಗೆ ಹೋಗಿ ಒಲೆಯ ಕಲ್ಲುಗಳನ್ನು ಕಿತ್ತು, ಒಂದೊಂದಾಗಿ ಹೊತ್ತು ತಂದು ಬೀದಿಯ ನಡುವೆ ಇಟ್ಟ. ಬೂದಿಯಿಂದ ಅವನ ಅಂಗಿಯೆಲ್ಲ ಕಪ್ಪಾಯಿತು. ಗುರುಸಿದ್ದಪ್ಪನವರು, "ಏನಯ್ಯ ಇದು?" ಎಂದರು.

"ದೊಡ್ಡ ಒಲೆ ಸ್ವಾಮಿ" ಎಂದ ಪಾಲಾಕ್ಷ. "ನಮ್ಮ ಬೀದಿ ಈಗ ಐವತ್ತು. ಇನ್ನು ಇಪ್ಪತ್ತೊಂದು ಜನ ಬೇಕು."

ಯಾರೂ ಅಲುಗಾಡಲಿಲ್ಲ. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕತ್ತಲಾಗುತ್ತಿತ್ತು. ಇವನು ಬೀದಿಯ ನಡುವೆ ಹುಚ್ಚನ ಹಾಗೆ ನಿಂತಿದ್ದಾನಲ್ಲ, ಯಾರೂ ಬರುವುದಿಲ್ಲವಲ್ಲ ಎಂದು ನಾನು ಹೊಸ್ತಿಲಲ್ಲೇ ನಿಂತು ನೋಡಿದೆ.

ಕಾಲುವೆಯ ಕಡೆಯಿಂದ ಲಾಂದ್ರ ಬಂತು. ಹಿಡಿದವಳು ಕೆಂಚವ್ವ. ಸೊಪ್ಪು ಮಾರಲು ನಮ್ಮ ಬೀದಿಗೆ ಬರುತ್ತಿದ್ದವಳು. ಅವಳ ಹಿಂದೆ ಗಂಡಸರು, ಹೆಂಗಸರು, ಮಕ್ಕಳು. ನಮ್ಮ ಬಾಗಿಲ ಮುಂದೆ ನಿಂತು ಅವಳು ಗಟ್ಟಿಯಾಗಿಯೇ ಹೇಳಿದಳು:

"ಮೂರು ಒಲೆಯವ್ರು ಬಂದಿದೀವಿ. ಮೂರೇಳ್ಲ ಇಪ್ಪತ್ತೊಂದು. ನಮ್ಮ ಕಡೆ ಮಿಕ್ಕವ್ರು ಬೇರೆ ಬೀದಿಗಳಿಗೆ ಹೋಗವ್ರೆ, ಎಲ್ಲೆಲ್ಲಿ ಕಮ್ಮಿ ಬೀಳುತ್ತೋ ಅಲ್ಲಿಗೆ. ಕೂರುಸ್ಕೊಂಡ್ರೆ ಕೂರುಸ್ಕೊಳ್ಳಿ, ಇಲ್ದಿದ್ರೆ ಎಲ್ರೂ ಹಸ್ಕೊಂಡೇ ಇರಾನ."

"ನಿಮ್ಮನ್ನ ಯಾರು ಕರೆದ್ರು?" ಎಂದ ಲೆಕ್ಕಿಗ.

"ಆಚೆ ದಡದಾಗೆ ನಮ್ಮ ಬೀದಿಯವ್ರೇ ಜಾಸ್ತಿ ಅವ್ರೆ ಸ್ವಾಮಿ. ನನ್ನ ಮಗನೂ ಅವ್ನೆ. ನಿಮ್ಮ ನಲವತ್ತು ನಿಲ್ಲಲಿ ಅಂತ ಹೋದವನು. ಇನ್ನು ಕಳಿಸಾಕೆ ನಮ್ಮ ಹತ್ರ ಮಕ್ಕಳಿಲ್ಲ."

ಅವತ್ತೇ ಒಲೆ ಹತ್ತಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಬೀದಿಯವರು ಕೂತರು, ಕೆಲವರು ಮುಖ ಗಂಟಿಕ್ಕಿಕೊಂಡು, ಕೆಲವರು ಮಕ್ಕಳನ್ನು ಮುಂದೆ ಬಿಟ್ಟು ಹಿಂದಿನಿಂದ. ಪಕ್ಕದ ಮನೆಯವಳು ಕೂತವಳು ಎದ್ದಳು, ಮತ್ತೆ ಕೂತಳು. ಆದರೆ ಒಂದು ಕಡೆ ಎಪ್ಪತ್ತೊಂದು ಕೂತರೆ ಸಾಲದು, ಊರಿನ ಕೊನೆಯವನೂ ಒಂದು ಸಾಲಿಗೆ ಸೇರಬೇಕು. ಕಲ್ಲಿನ ಕೋಟೆ ಬೀದಿಯವರು ಬಾಗಿಲು ಹಾಕಿಕೊಂಡಿದ್ದರು. ಬೆಳಗಾಯಿತು. ಬೀದಿಯಲ್ಲಿ ಹಂಡೆಯಿಟ್ಟು, ಅದರಲ್ಲಿ ಅಕ್ಕಿ ನೀರು ಸುರಿದು, ಹತ್ತದ ಸೌದೆಯ ಮುಂದೆ ಜನ ಕೂತಿದ್ದರು. ಮಕ್ಕಳಿಗೆ ನೆನೆಸಿದ ಅವಲಕ್ಕಿ, ಬೆಲ್ಲ. ನಾನು ಒಳಗೆ ಮಾದೇವಿಯನ್ನು ಅಪ್ಪಿಕೊಂಡು ಮಲಗಿದ್ದೆ, ಆ ಕಡೆಯಿಂದ ಕೆಂಚವ್ವ ಅವಳನ್ನು ಅಪ್ಪಿಕೊಂಡಿದ್ದಳು. ಇಬ್ಬರ ಮೈಬಿಸಿಯನ್ನು ಬಿಟ್ಟರೆ ಅವಳಿಗೆ ಕೊಡಲು ಬೇರೆ ಬಿಸಿ ನಮ್ಮಲ್ಲಿರಲಿಲ್ಲ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ದಾಟದೆ ಉಳಿದದ್ದಕ್ಕೆ ಇವಳು ಸತ್ತರೆ, ಆಮೇಲೆ ನಾನು ಈ ದಡದಲ್ಲಿದ್ದರೇನು, ಆ ದಡದಲ್ಲಿದ್ದರೇನು?

ಗುರುಸಿದ್ದಪ್ಪನವರು ಎರಡು ಸಲ ಬಂದು ಅವಳನ್ನು ನೋಡಿ ಹೋದರು. ಎರಡನೆಯ ಸಲ ಅವಳ ತುಟಿಯನ್ನು ನೋಡಿ ಹೊರಗೆ ನಡೆದರು. ನೇರ ಕೋಟೆ ಬೀದಿಗೆ ಹೋದರಂತೆ. ಅಲ್ಲಿ ಅವರದೇ ಅಣ್ಣನ ಮನೆ. ಬಾಗಿಲು ತಟ್ಟಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬೇರೆಯವರು ಹೇಳುವುದೆಂದರೆ, ಅವರು ಏನೂ ಹೇಳದೆ ಆ ಬೀದಿಯ ಬಾವಿಯ ಪಕ್ಕ, ಕಾಲುವೆಯಾಚೆಯಿಂದ ಬಂದು ಕಾಯುತ್ತಿದ್ದವರ ಸಾಲಿನಲ್ಲಿ ಕೂತುಬಿಟ್ಟರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದೊಂದೇ ಬಾಗಿಲು ತೆರೆಯಿತು.

ನಮಗೆ ಗೊತ್ತಾದದ್ದು ವಾಸನೆಯಿಂದ. ಹೊಗೆಯ ವಾಸನೆ. ಆಮೇಲೆ ಬೀದಿಯಲ್ಲಿ ದೊಡ್ಡ ಗಲಾಟೆ. ಕೆಂಚವ್ವ ಎದ್ದು ಓಡಿದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಗಂಜಿಯ ಲೋಟವಿತ್ತು, ಸುಡುತ್ತಿತ್ತು, ಸೆರಗಿನಲ್ಲಿ ಹಿಡಿದಿದ್ದಳು. ಮಾದೇವಿ ಕಣ್ಣು ಬಿಟ್ಟು ಲೋಟ ಯಾರ ಕೈಯಲ್ಲಿದೆಯೆಂದು ನೋಡಿದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಾದೇವಿ ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದಳು. ಸಂಜೆಯ ಹೊತ್ತಿಗೆ ಚಳಿ ಬಿಟ್ಟಿತು. ರಕ್ತ ನಿಂತಿತು.

ಆ ಎಪ್ಪತ್ತೊಂದರ ಕಾಲ ಸುಖದ್ದೇನೂ ಆಗಿರಲಿಲ್ಲ. ದಿನಾ ಜಗಳ. ಹುಳಿ ಜಾಸ್ತಿ, ಖಾರ ಜಾಸ್ತಿ, ಅವರ ಮಕ್ಕಳು ಎರಡು ಸಲ ಬಡಿಸಿಕೊಂಡವು, ಇವರ ಮನೆಯವರು ಪಾತ್ರೆ ತೊಳೆಯಲು ಬರುವುದಿಲ್ಲ. ಕೆಲವರು ಕಡೆಯವರೆಗೂ ಮುಖ ಆಚೆ ತಿರುಗಿಸಿಕೊಂಡೇ ಉಂಡರು. ಆದರೂ ಕೆಂಚವ್ವ ಸೊಪ್ಪು ಮಾರಲು ಬಂದಾಗ ನಮ್ಮ ಜಗುಲಿಯ ಮೇಲೆ ಕೂತು ನೀರು ಕೇಳತೊಡಗಿದಳು. ನಾನು ಒಳಗಿನ ತಂಬಿಗೆಯಲ್ಲೇ ಕೊಟ್ಟೆ.

ಒಂದು ದಿನ ಪಾಲಿನ ಮನೆಯಲ್ಲಿ ಸಭೆ ಸೇರಿ, ಯಾವ ಸಂಖ್ಯೆಯನ್ನೂ ಹಿಡಿದಿಟ್ಟುಕೊಳ್ಳುವುದು ಬೇಡ, ಬಂದದ್ದು ಬರಲಿ ಎಂದಾಯಿತು. ಲೆಕ್ಕಿಗ ಬೇಡವೆಂದು ಬಹಳ ವಾದಿಸಿದ, ಮುಂದೆ ಒಂಟಿ ಬಂದೇ ಬರುತ್ತದೆಂದು ಎಚ್ಚರಿಸಿದ. ಅದು ನಿಜವೇ. ಬರುತ್ತದೆ. ಅದರ ಭಯ ನಮಗೆ ಈಗಲೂ ಇದೆ. ಮಾರನೆಯ ಬೆಳಿಗ್ಗೆ ದ್ಯಾಮಣ್ಣನ ದೋಣಿ ಆಚೆ ದಡದಿಂದ ಮೊದಲ ಮನುಷ್ಯನನ್ನು ತಂದಿತು. ಯಾರೂ ಸಾಯದೆ ಬಂದ ಮೊದಲ ಮನುಷ್ಯ. ಕೆಂಚವ್ವನ ಮಗ. ಮೆಟ್ಟಿಲು ಹತ್ತಲು ಅವನಿಗೆ ಕೈ ಕೊಡಬೇಕಾಯಿತು, ಅಷ್ಟು ಇಳಿದುಹೋಗಿದ್ದ. ಕೆಂಚವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅವರನ್ನು ನೋಡುತ್ತ ನಾನು ಆಚೆ ದಡದ ಕಡೆ ಕಣ್ಣು ಹಾಯಿಸಲಿಲ್ಲ.

ಹಾಗೆ ನಾವು ನಲವತ್ತೆರಡಾದೆವು. ಐದು ಸಾವಿರದ ನಲವತ್ತೆರಡು ಎರಡಾಗಿ ಒಡೆಯುತ್ತದೆ, ಅರ್ಧಕ್ಕೆ ಬಂದ ಮೇಲೆ ಮುಂದಕ್ಕೆ ಒಡೆಯುವುದಿಲ್ಲ. ಅಂದರೆ ಒಂದು ಒಲೆಗೆ ಇಬ್ಬರು. ಹಂಡೆಗಳು ಮನೆ ಸೇರಿದವು. ಇಡೀ ಊರು ತನ್ನ ಒಬ್ಬರನ್ನು ಹುಡುಕಿಕೊಳ್ಳುತ್ತ ಬೀದಿಯಲ್ಲಿ ಓಡಾಡಿತು. ಕೆಂಚವ್ವನಿಗೆ ಮಗನಿದ್ದ. ನಮ್ಮ ಮನೆಯಲ್ಲಿ ಮಾದೇವಿಗೆ ಕೂಸು, ಮಕ್ಕಳಿಬ್ಬರೂ ಒಟ್ಟಿಗೆ. ಪಾಲಾಕ್ಷ ನನ್ನ ಕಡೆ ಬರುತ್ತಿದ್ದವನು, ಮೂ‌ಲೆಯಲ್ಲಿ ತಟ್ಟೆ ಹಿಡಿದು ನಿಂತ ಬೋರಣ್ಣನನ್ನು ಕಂಡು ಅವನನ್ನು ಕರೆದುಕೊಂಡ. ನಾನು ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಒಂದು ಪಾವು ಅಕ್ಕಿ ತೊಳೆದಿಟ್ಟು ಕೂತೆ. ಎದುರಿಗೆ ಯಾರೂ ಇರಲಿಲ್ಲ. ಹಳೆಯ ಭಯ ಮತ್ತೆ ಏಳತೊಡಗಿತು.

ಅವ್ವ ಗೋಡೆ ತಡವುತ್ತ ಬಂದಳು. ಇನ್ನೊಂದು ಕೈಯಲ್ಲಿ ತಟ್ಟೆ. ಕಲ್ಲು ಎಲ್ಲಿದೆಯೆಂದು ಕಾಲಲ್ಲಿ ಹುಡುಕಿ, ಸ್ವಲ್ಪ ದೂರದಲ್ಲೇ ನಿಂತಳು.

"ಯಾರು, ಸಾವಂತ್ರೀನಾ?"

"ಹೂಂ."

"ನಿನ್ನ ಜೊತೆ ಕೂರ್ಲಾ?"

ಅವತ್ತು ಜಗುಲಿಯಲ್ಲಿ ಅವಳು ಆಡಿದ ಮಾತು ನನ್ನ ಎದೆಯಲ್ಲಿ ಇನ್ನೂ ಹಾಗೆಯೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ತಟ್ಟೆ ಹಿಡಿದು ನಿಂತಿದ್ದಳು. ಬೇಡ ಎನ್ನಬಹುದಿತ್ತು. ಎಂದಿದ್ದರೆ ಊರಿಗೆ ಊರೇ ಉಪವಾಸ ಬೀಳುತ್ತಿತ್ತು, ಆದರೆ ಆ ಹೊತ್ತಿನಲ್ಲಿ ನನಗೆ ಊರು ನೆನಪಿರಲಿಲ್ಲ.

ಮಣೆಯನ್ನು ಅವಳ ಕಾಲಿನ ಹತ್ತಿರಕ್ಕೆ ಸರಿಸಿದೆ. ಅವಳು ನನ್ನ ಹೆಗಲು ಹಿಡಿದು ಕೂತಳು. ಕೂತಾದ ಮೇಲೂ ಕೈ ತೆಗೆಯಲಿಲ್ಲ. ನಾನು ಬಗ್ಗಿ ಊದಿದೆ. ಮೊದಲು ಹೊಗೆಯೇ ಬಂತು, ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಆಮೇಲೆ ಬೆಂಕಿ ಹತ್ತಿತು.